ಕಾರ್ಯಸಿದ್ಧಿಗೆ ಐದು ಕಾರಣಗಳು

ಮಹಾನಗರಗಳ ರೈಲು ನಿಲ್ದಾಣಗಳಲ್ಲಿರುವ ಪುಸ್ತಕದ ಅಂಗಡಿಗಳನ್ನು ಸುಮ್ಮನೆ ಒಮ್ಮೆ ಅವಲೋಕಿಸಿದರೂ ಸಾಕು, ಯಶಸ್ಸನ್ನು ಗಳಿಸುವ ಉಪಾಯಗಳನ್ನು ಹೇಳುವ ಪುಸ್ತಕಗಳು ಸಾಲುಸಾಲಾಗಿ ಕಾಣುತ್ತವೆ. ಮನಸ್ಸು ದೃಢವಾಗಿದ್ದರೆ ಬಯಸಿದ್ದೆಲ್ಲವೂ ಕೈಗೂಡುತ್ತದೆ ಎಂಬುದು ಅವುಗಳಲ್ಲಿ ಅನೇಕ ಪುಸ್ತಕಗಳ ಸಾರ. ಕೇಳಲು ಹಿತವಾದ ಮಾತು. ಆದರೆ ಬಯಸಿದ್ದು ಕೈಗೂಡದೆ ಹೋದಾಗ ಈ ಮಾತೇ ಮನುಷ್ಯನನ್ನು ಚುಚ್ಚತೊಡಗುತ್ತದೆ ಎಂಬುದನ್ನು ನಾವು ಪ್ರತ್ಯಕ್ಷವಾಗಿ ಕಂಡಿದ್ದೇವೆ.

ನಮ್ಮ ಪರಿಚಿತರೊಬ್ಬರ ಮಗನು ಸಿ.ಎ. ಅಂತಿಮ ಪರೀಕ್ಷೆಯಲ್ಲಿ ಮೂರನೆಯ ಬಾರಿಯೂ ಅನುತ್ತೀರ್ಣನಾಗಿ, ತಂದೆಯೊಡನೆ ಒಂದು ಸಂಜೆ ನಮ್ಮ ಮನೆಗೆ ಬಂದನು. "ಕಾಕಾ, ನನ್ನ ಸಂಕಲ್ಪದಲ್ಲೇ ದೋಷವಿದೆ. ಗೆದ್ದೇ ಗೆಲ್ಲುತ್ತೇನೆಂದು ನಾನು ಪೂರ್ತಿಯಾಗಿ ನಂಬಲಿಲ್ಲ, ಅದಕ್ಕೇ ಸೋತೆ" ಎಂದನು. ತಂದೆಯವರು ನಿಟ್ಟುಸಿರಿಟ್ಟು, "ಎಲ್ಲ ಹರಿಚಿತ್ತ. ನಾವು ಮಾಡುವುದೇನಿದೆ?" ಎಂದರು. ಎಲ್ಲವೂ ನನ್ನಿಂದಲೇ ಎಂದು ಮಗ, ನಮ್ಮಿಂದ ಏನೂ ಇಲ್ಲ ಎಂದು ತಂದೆ. ಮಾತುಗಳು ಪರಸ್ಪರ ವಿರುದ್ಧವಾದರೂ ಅವುಗಳ ಪರಿಣಾಮ ಮಾತ್ರ ಒಂದೇ ಆಗಿತ್ತು: ಎರಡು ತಿಂಗಳಿನಿಂದ ಆ ಹುಡುಗನು ಪುಸ್ತಕವನ್ನು ತೆರೆದಿರಲಿಲ್ಲ.

ಇಂತಹವರಿಗಾಗಿಯೇ ಎಂಬಂತೆ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಒಂದು ಲೆಕ್ಕವನ್ನು ಬಿಡಿಸಿಟ್ಟಿದ್ದಾನೆ. ಮನುಷ್ಯನು ಶರೀರದಿಂದ, ಮಾತಿನಿಂದ, ಮನಸ್ಸಿನಿಂದ ಯಾವ ಕೆಲಸವನ್ನು ಮಾಡಿದರೂ, ಅದು ನ್ಯಾಯವಾದದ್ದಿರಲಿ, ಅಲ್ಲದ್ದಿರಲಿ, ಅದಕ್ಕೆ ಐದು ಕಾರಣಗಳುಂಟು: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ನಾನಾ ವಿಧವಾದ ಚೇಷ್ಟೆಗಳು ಮತ್ತು ಐದನೆಯದಾಗಿ ದೈವ. ಅಧಿಷ್ಠಾನವೆಂದರೆ ದೇಹಾದಿಗಳು, ಕಾರ್ಯಕ್ಕೆ ನೆಲೆಯಾದವು. ಕರಣಗಳೆಂದರೆ ಇಂದ್ರಿಯಾದಿ ಸಾಧನಗಳು. ಚೇಷ್ಟೆಯೆಂದರೆ ನಾವು ನಡೆಸುವ ವ್ಯಾಪಾರಗಳು. ದೈವವೆಂದರೆ ಅದೃಷ್ಟ, ಅರ್ಥಾತ್ ನಮ್ಮ ಕಣ್ಣಿಗೆ ಕಾಣದ ಪೂರ್ವಕರ್ಮದ ಪಾಲು.

ಇನ್ನುಳಿದ 'ಕರ್ತೃ' ಶಬ್ದಕ್ಕೆ ಶ್ರೀಮದಾಚಾರ್ಯರು ತಮ್ಮ ಗೀತಾಭಾಷ್ಯದಲ್ಲಿ ವಿಷ್ಣುವೆಂದೇ ಅರ್ಥವನ್ನು ಹೇಳಿದ್ದಾರೆ. ಸ್ವತಂತ್ರನಾದ ಕರ್ತೃ ಅವನೊಬ್ಬನೇ. ಹಾಗಾದರೆ ಜೀವನಿಗೆ ಕೆಲಸವೇ ಇಲ್ಲವೇ ಎಂಬ ಸಂದೇಹ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಸಮಾಧಾನವು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಬಡಗಿಯ ದೃಷ್ಟಾಂತದಿಂದ ದೊರೆಯುತ್ತದೆ. ಬಡಗಿಯು ಕೆಲಸ ಮಾಡಿಸುವ ಯಜಮಾನನಿಗೆ ಅಧೀನನು. ಆದರೂ ಉಳಿ ಹಿಡಿದು ಮರವನ್ನು ಕೆತ್ತುವವನು ಅವನೇ ತಾನೆ? ಯಜಮಾನನಿದ್ದಾನೆಂದು ಅವನು ಕೈಕಟ್ಟಿ ಕುಳಿತರೆ ಬಾಗಿಲು ಆಗುವುದಿಲ್ಲ. ಬಾಗಿಲು ಆದಮೇಲೆ ಮನೆಯೇ ತನ್ನದೆಂದರೂ ನಡೆಯುವುದಿಲ್ಲ. ಜೀವನ ಕರ್ತೃತ್ವವೂ ಹೀಗೆಯೇ. ಅದು ಸುಳ್ಳಲ್ಲ, ಆದರೆ ಪರಾಧೀನ.

ಈ ತತ್ತ್ವವನ್ನು ಲೌಕಿಕದಲ್ಲಿ ಅನ್ವಯಿಸಿ ನೋಡಲು ನಮಗೆ ಪರಿಚಿತವಾದ ರೈಲ್ವೆಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1964ರ ಡಿಸೆಂಬರ್ 22ರ ರಾತ್ರಿ ರಾಮೇಶ್ವರದ ಬಳಿ ಭೀಕರ ಚಂಡಮಾರುತವೆದ್ದು, ಧನುಷ್ಕೋಟಿಯ ಸಮೀಪ ಪ್ಯಾಸೆಂಜರ್ ಗಾಡಿಯೊಂದು ಪ್ರಯಾಣಿಕರ ಸಮೇತ ಸಮುದ್ರದ ಪಾಲಾಯಿತು. 1914ರಲ್ಲಿ ಆರಂಭವಾಗಿದ್ದ ಪಾಂಬನ್ ಸೇತುವೆಯ ಗರ್ಡರುಗಳಲ್ಲಿ ಹೆಚ್ಚಿನವು ಕೊಚ್ಚಿಹೋದವು. ದುರಸ್ತಿಗೆ ಆರು ತಿಂಗಳು ಬೇಕೆಂದು ಅಂದಾಜಾಗಿತ್ತು. ಮೇಲಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ಆ ಹೊಣೆಯನ್ನು ಹೊತ್ತ ಇಂಜಿನಿಯರ್ ಇ. ಶ್ರೀಧರನ್ ಅವರಿಗೆ ಆಗ 32 ವರ್ಷ. ಕೆಲಸವು 46 ದಿನಗಳಲ್ಲೇ ಮುಗಿಯಿತು. ಅವರ ದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಕೊಚ್ಚಿಹೋದ ಗರ್ಡರುಗಳು ಸಮುದ್ರದ ತಳದಲ್ಲಿರುವುದು ಮೀನುಗಾರರಿಂದ ತಿಳಿದುಬಂದು, ಅವುಗಳನ್ನೇ ಮೇಲೆತ್ತಿ ಮರಳಿ ಜೋಡಿಸಲು ಸಾಧ್ಯವಾಯಿತೆಂಬುದನ್ನು ಮರೆಯುವಂತಿಲ್ಲ. ಚಂಡಮಾರುತದಲ್ಲಿ ಮಾತ್ರವಲ್ಲ, ಈ ಅನುಕೂಲದಲ್ಲಿಯೂ ದೈವದ ಪಾಲಿತ್ತು. ಆದರೆ ಎತ್ತಲು ಕೈಗಳು ಸಿದ್ಧವಿರದಿದ್ದರೆ ಆ ಅನುಕೂಲ ಸಮುದ್ರದ ತಳದಲ್ಲೇ ಉಳಿಯುತ್ತಿತ್ತು.

ಇದೇ ಶ್ರೀಧರನ್ ಅವರು 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆಯ ಮುಖ್ಯಸ್ಥರಾದರು. ಮುಂಬಯಿಯ ಭಕ್ತರು ಇಂದು ಒಂದೇ ರಾತ್ರಿಯಲ್ಲಿ ಉಡುಪಿಯನ್ನು ತಲುಪುವುದು ಈ ಮಾರ್ಗದ ಕೃಪೆಯಿಂದ. ಸಹ್ಯಾದ್ರಿಯ ಗಟ್ಟಿಬಂಡೆಯಲ್ಲಿ ಸುಮಾರು ಆರೂವರೆ ಕಿಲೋಮೀಟರ್ ಉದ್ದದ ಕರ್ಬುಡೆ ಸುರಂಗವನ್ನು ಕೊರೆದದ್ದಾಯಿತು, ಹೊನ್ನಾವರದ ಬಳಿ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯನ್ನು ಕಟ್ಟಿದ್ದಾಯಿತು. ಆದರೆ ಗೋವೆಯ ಪೆರ್ಣೆಮ್ ಸುರಂಗದಲ್ಲಿ ನೀರು ತುಂಬಿದ ಮೆತ್ತನೆಯ ಮಣ್ಣು ಮತ್ತೆ ಮತ್ತೆ ಕುಸಿಯಿತು. ಯಂತ್ರಗಳು ಅಲ್ಲಿ ನಡೆಯಲಿಲ್ಲ. ಹೀಗಾಗಿ ಎಣಿಸಿದ್ದಕ್ಕಿಂತ ತಡವಾಗಿ, 1998ರ ಜನವರಿ 26ರಂದು ಇಡೀ ಮಾರ್ಗವು ಸಂಚಾರಕ್ಕೆ ತೆರೆಯಿತು. ಹಿಂದೆ ಅವಧಿಗೆ ಮುನ್ನವೇ ಕೆಲಸ ಮುಗಿಸಿದ ವ್ಯಕ್ತಿಯ ಸಂಕಲ್ಪವು ಇಲ್ಲಿ ದುರ್ಬಲವಾಯಿತೆಂದು ಹೇಳಬಹುದೇ? ಖಂಡಿತ ಇಲ್ಲ. ಬದಲಾದದ್ದು ಉಳಿದ ಕಾರಣಗಳು.

ಇಷ್ಟನ್ನು ಓದಿದ ವಾಚಕರು, ಫಲ ನಮ್ಮ ಕೈಯಲ್ಲಿಲ್ಲವೆಂದಮೇಲೆ ಪ್ರಯತ್ನವೇಕೆ ಎಂದು ಕೇಳಬಹುದು. ಇಲ್ಲಿ ನಮ್ಮದೇ ಒಂದು ತಪ್ಪನ್ನು ನಿವೇದಿಸುವುದು ಉಚಿತ. 1991ರಲ್ಲಿ ನಾವು ಇಲಾಖೆಯ ಬಡ್ತಿ ಪರೀಕ್ಷೆಗೆ ಕುಳಿತು ಅನುತ್ತೀರ್ಣರಾದೆವು. ಬಂಧುಗಳೆಲ್ಲರ ಮುಂದೆ "ದೈವ ಒಲಿಯಲಿಲ್ಲ" ಎಂದೆವು. ಅವರೂ ಗ್ರಹಗತಿಯನ್ನು ನೋಡಿ ಸಮಾಧಾನ ಹೇಳಿದರು. ನಿಜಸಂಗತಿಯೆಂದರೆ, ಎರಡು ಪತ್ರಿಕೆಗಳಲ್ಲಿ ನಮಗೆ ಪ್ರಿಯವಾದ ಸಂಚಾರ ನಿಯಮಗಳ ಪತ್ರಿಕೆಯನ್ನು ಚೆನ್ನಾಗಿ ಓದಿದ್ದೆವು. ಬೇಸರ ತರಿಸುವ ಹಣಕಾಸು ನಿಯಮಗಳ ಪತ್ರಿಕೆಯನ್ನು ನಾಳೆ ನಾಳೆ ಎಂದು ಮುಂದೂಡಿದ್ದೆವು. ಗೀತೆಯು ತಾಮಸ ಕರ್ತೃವಿನ ಲಕ್ಷಣಗಳಲ್ಲಿ ಆಲಸ್ಯದ ಜೊತೆಗೆ ದೀರ್ಘಸೂತ್ರತೆಯನ್ನೂ, ಅಂದರೆ ಇಂದು ಮಾಡಬೇಕಾದುದನ್ನು ಎಳೆಯುತ್ತಲೇ ಹೋಗುವ ಸ್ವಭಾವವನ್ನೂ ಹೇಳಿದೆ. ನಮ್ಮ ದೀರ್ಘಸೂತ್ರತೆಗೆ ನಾವು ದೈವದ ಹೆಸರನ್ನು ಇಟ್ಟಿದ್ದೆವು. ದೈವವು ಐದನೆಯ ಕಾರಣ. ಚೇಷ್ಟೆಯ ಲೆಕ್ಕವನ್ನು ಪೂರ್ತಿ ಮಾಡಿದಮೇಲೆಯೇ ಅದರ ಹೆಸರನ್ನು ಎತ್ತುವ ಅರ್ಹತೆ ನಮಗೆ ಬರುವುದು.

ಹಾಗಾದರೆ ಸರಿಯಾದ ಮನೋಭಾವ ಯಾವುದು? ಅದೇ ಅಧ್ಯಾಯದಲ್ಲಿ ಸಾತ್ತ್ವಿಕ ಕರ್ತೃವಿನ ಲಕ್ಷಣಗಳನ್ನು ಶ್ರೀಕೃಷ್ಣನು ನಿರೂಪಿಸಿದ್ದಾನೆ. ಮೊದಲನೆಯದು ಸಂಗತ್ಯಾಗ: ಫಲಕ್ಕೆ ಅಂಟಿಕೊಳ್ಳದಿರುವುದು. ಎರಡನೆಯದು 'ನಾನೇ ಮಾಡಿದೆ' ಎಂದು ಹೇಳಿಕೊಳ್ಳದಿರುವುದು. ಮೂರನೆಯದು ಧೃತಿ ಮತ್ತು ಉತ್ಸಾಹ ಎರಡೂ ಕೂಡಿರುವುದು. ನಾಲ್ಕನೆಯದು ಸಿದ್ಧಿಯಲ್ಲಿಯೂ ಅಸಿದ್ಧಿಯಲ್ಲಿಯೂ ವಿಕಾರ ಹೊಂದದಿರುವುದು.

ಇವುಗಳಲ್ಲಿ ಮೂರನೆಯದನ್ನು ವಿಶೇಷವಾಗಿ ಗಮನಿಸಬೇಕು. ನಿಷ್ಕಾಮನಾದವನು ಉತ್ಸಾಹಹೀನನಾಗಿರುತ್ತಾನೆಂಬ ತಪ್ಪುಕಲ್ಪನೆಯನ್ನು ಈ ಒಂದು ಲಕ್ಷಣವೇ ದೂರಮಾಡುತ್ತದೆ. ಉತ್ಸಾಹವು ಕೆಲಸವನ್ನು ಆರಂಭಿಸುವ ಶಕ್ತಿ. ಧೃತಿಯು ವಿಘ್ನ ಬಂದಾಗ ಹಿಡಿದು ನಿಲ್ಲಿಸುವ ಶಕ್ತಿ. ಉತ್ಸಾಹವೊಂದೇ ಇದ್ದರೆ, ಹೊಸ ವರ್ಷದ ಮೊದಲ ದಿನ ಕೊಂಡ ದಿನಚರಿಯ ಪುಸ್ತಕದಂತೆ, ಹತ್ತು ಪುಟ ತುಂಬುವಷ್ಟರಲ್ಲಿ ಅದು ಮುಗಿಯುತ್ತದೆ. ಧೃತಿಯೊಂದೇ ಇದ್ದರೆ ಕೆಲಸವು ಜಡವಾದ ಹೊರೆಯಾಗುತ್ತದೆ.

ನಮ್ಮ ಸೇವಾವಧಿಯಲ್ಲಿ ಈ ಲಕ್ಷಣಗಳನ್ನು ನಾವು ಕಂಡದ್ದು ಉನ್ನತ ಅಧಿಕಾರಿಗಳಿಗಿಂತ ಹೆಚ್ಚಾಗಿ ಕೀಮನ್‌ಗಳಲ್ಲಿ. ಕೀಮನ್ ಪ್ರತಿದಿನವೂ ತನ್ನ ಪಾಲಿನ ಹಳಿಯ ಉದ್ದಕ್ಕೂ ನಡೆದು, ಸಡಿಲವಾದ ಕೀಲುಗಳನ್ನು ಸುತ್ತಿಗೆಯಿಂದ ಬಡಿದು ಬಿಗಿಗೊಳಿಸುತ್ತಾನೆ. ಗಾಡಿಯು ಸುರಕ್ಷಿತವಾಗಿ ದಾಟಿಹೋದರೆ ಅವನನ್ನು ಯಾರೂ ಸ್ಮರಿಸುವುದಿಲ್ಲ. ಏನೂ ಆಗದಿರುವುದೇ ಅವನ ಯಶಸ್ಸು. ಆದರೂ ಮರುದಿನ ಬೆಳಿಗ್ಗೆ ಸುತ್ತಿಗೆಯನ್ನು ಹೆಗಲಿಗೇರಿಸಿ ಹೊರಡುತ್ತಾನೆ.

ಆ ಸಂಜೆ ಹುಡುಗನ ಮುಂದೆ ಕಾಗದವನ್ನಿಟ್ಟು, ಗೀತೆಯ ಕ್ರಮವನ್ನೇ ಅನುಸರಿಸಿ ನಾವು ಪ್ರಶ್ನಿಸಿದೆವು. ದೇಹಕ್ಕೆ ನಿದ್ರೆ, ಆಹಾರ ಸರಿಯಾಗಿದ್ದವೇ? ಓದಲು ನೆಮ್ಮದಿಯ ಜಾಗವಿತ್ತೇ? ಸಾಧನಗಳು ಸಾಕಷ್ಟಿದ್ದವೇ? ಯಾವ ಯಾವ ಪ್ರಯತ್ನಗಳನ್ನು ಮಾಡಿದ್ದೆ? ಈ ಕೊನೆಯ ಪ್ರಶ್ನೆಗೆ ಬಂದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಓದಿದ್ದೇ ಓದಿದ್ದು ಕಾಕಾ. ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಕುಳಿತು ಪೂರ್ತಿ ಪತ್ರಿಕೆಯನ್ನು ಮನೆಯಲ್ಲಿ ಒಮ್ಮೆಯೂ ಬರೆದಿಲ್ಲ" ಎಂದನು. ಮೂರು ವರ್ಷ ಸಂಕಲ್ಪದಲ್ಲಿ ಹುಡುಕುತ್ತಿದ್ದ ದೋಷವು ಚೇಷ್ಟೆಯಲ್ಲಿ ದೊರಕಿತ್ತು. ದೋಷವು ಇಂತಲ್ಲಿದೆಯೆಂದು ತಿಳಿದರೆ ತಿದ್ದಬಹುದು. ತಾನೇ ದೋಷವೆಂದು ಬಗೆದವನು ಏನನ್ನು ತಿದ್ದಿಯಾನು? ತಂದೆಯವರಿಗೆ ನಾವು ಹೇಳಿದ್ದು ಇಷ್ಟೇ: "ಹರಿಚಿತ್ತ ಸತ್ಯ. ಆದರೆ ಅದನ್ನು ಫಲಿತಾಂಶದ ದಿನ ಹೇಳೋಣ, ಓದುವ ದಿನ ಬೇಡ."

ಅನಂತರ ಅವನು ವಾರಕ್ಕೊಂದರಂತೆ ಪತ್ರಿಕೆಗಳನ್ನು ಬರೆದು ಅಭ್ಯಾಸಮಾಡಿದನು. ಮುಂದಿನ ಪರೀಕ್ಷೆಯಲ್ಲಿ ಒಂದು ಗುಂಪಿನಲ್ಲಿ ಉತ್ತೀರ್ಣನಾದನು. ಇನ್ನೊಂದು ಗುಂಪು ಬಾಕಿಯಿದೆ. ಈ ಸಲ ಸುದ್ದಿಯನ್ನು ಹೇಳಲು ಬಂದವನ ಕೈಚೀಲದಲ್ಲಿ ಬಾಕಿ ಉಳಿದ ಗುಂಪಿನ ಪುಸ್ತಕಗಳು ಇದ್ದವು. ಪರೀಕ್ಷೆಯಲ್ಲಿ ಉತ್ತೀರ್ಣನಾದುದಕ್ಕಿಂತ ಇದು ನಮಗೆ ಹೆಚ್ಚಿನ ಸಂತೋಷವನ್ನು ತಂದಿತು.

ವಾಚಕರೂ ರಾತ್ರಿ ಮಲಗುವ ಮುನ್ನ ಅಂದಿನ ಒಂದು ಕೆಲಸವನ್ನು ಈ ಐದು ಕಾರಣಗಳಿಂದ ಪರೀಕ್ಷಿಸಿ ನೋಡಬಹುದು. ಗೆದ್ದ ದಿನ ಉಳಿದ ನಾಲ್ಕನ್ನು ಸ್ಮರಿಸೋಣ, ಅಹಂಕಾರ ಇಳಿಯುತ್ತದೆ. ಸೋತ ದಿನ ಮೊದಲು ನಮ್ಮ ಚೇಷ್ಟೆಯನ್ನು ನೋಡಿಕೊಳ್ಳೋಣ. ನಾಳೆಯ ಕೆಲಸ ಕಾಣುತ್ತದೆ. ಬಳಿಕ ಎರಡನ್ನೂ ಸರ್ವಕರ್ತೃವಾದ ಭಗವಂತನಲ್ಲಿ ಅರ್ಪಿಸಿ ನಿಶ್ಚಿಂತೆಯಿಂದ ಮಲಗೋಣ.

ಶ್ರೀಕೃಷ್ಣಾರ್ಪಣಮಸ್ತು.