ನೀಲಗಾರನ ಬಾನಿ: ಒಂದು ಪದ, ಒಂದು ಕಸುಬು

ತದ್ಧಿತಾಂತ ನಾಮಗಳ ಪಾಠದಲ್ಲಿ ಬಳೆಗಾರ, ಮಾಲೆಗಾರರ ಸಾಲಿಗೆ ಸೇರಬೇಕಾದ ಇನ್ನೊಂದು ಪದ ‘ನೀಲಗಾರ’. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ಪರಂಪರೆಯಿಂದ ಈ ಪದ ನಿಮಗೆ ಪರಿಚಿತ. ಉತ್ತರ ಕರ್ನಾಟಕದಲ್ಲಿಯಾದರೋ ನೀಲಗಾರನೆಂದರೆ ನೂಲಿಗೆ ನೀಲಿ ಬಣ್ಣ ಹಾಕುವವನು. ಮರಾಠಿಯಲ್ಲಿ ಅವನೇ ‘ನಿಳಾರಿ’. ಕಸುಬನ್ನು ತಿಳಿಯದೆ ಈ ಪದದ ಅರ್ಥ ಪೂರ್ಣವಾಗದು.

ನೀಲಿ ಗಿಡವನ್ನು ತಮಿಳರು ‘ಅವುರಿ’ ಎನ್ನುತ್ತಾರೆ. ಅದರ ಹಸಿರೆಲೆಯಲ್ಲಿ ನೀಲಿ ಸಿದ್ಧವಾಗಿರುವುದಿಲ್ಲ. ಕೊಯ್ದ ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಹುದುಗಿಸಿದಾಗ ಎಲೆಯಲ್ಲಿನ ಇಂಡಿಕಾನ್ ಎಂಬ ಬಣ್ಣವಿಲ್ಲದ ದ್ರವ್ಯ ಒಡೆಯುತ್ತದೆ. ಸೊಪ್ಪನ್ನು ತೆಗೆದು ಆ ನೀರನ್ನು ಚೆನ್ನಾಗಿ ಬಡಿದರೆ, ಗಾಳಿ ಬೆರೆತು ನೀಲಿ ಹುಟ್ಟಿ ತಳಕ್ಕಿಳಿಯುತ್ತದೆ. ಆ ಗಸಿಯನ್ನು ಕಾಯಿಸಿ, ಸೋಸಿ, ಬಿಲ್ಲೆಗಳಾಗಿ ಒಣಗಿಸುತ್ತಾರೆ. ತಮಿಳುನಾಡಿನ ತಿಂಡಿವನದ ಸುತ್ತಮುತ್ತ ಈ ಕೆಲಸ ಇಂದಿಗೂ ಉಳಿದಿದೆ.

ಬಿಲ್ಲೆ ನೀರಿನಲ್ಲಿ ಕರಗದು. ಸುಣ್ಣದ ತಿಳಿ, ಬೆಲ್ಲ, ಬೇಯಿಸಿದ ತಗಚೆ ಬೀಜ ಸೇರಿಸಿ ಬಾನಿಯನ್ನು ದಿನಗಟ್ಟಲೆ ಹುದುಗಿಸಬೇಕು. ಆಗ ನೀಲಿ ತನ್ನ ಬಣ್ಣವನ್ನೇ ಕಳೆದುಕೊಂಡು ಕರಗುತ್ತದೆ. ದ್ರವ ಹಳದಿ ಬೆರೆತ ಹಸಿರಾಗಿ, ಮೇಲೆ ತಾಮ್ರದ ಹೊಳಪಿನ ಪೊರೆ ಕಟ್ಟುತ್ತದೆ. ಬಾನಿ ಹದಕ್ಕೆ ಬಂದುದನ್ನು ಕಣ್ಣು, ಮೂಗುಗಳೇ ಹೇಳಬೇಕು. ಅದ್ದಿ ತೆಗೆದ ಬಟ್ಟೆ ಮೊದಲು ಹಸಿರು. ಗಾಳಿಗೆ ಹಿಡಿದಂತೆ ನೋಡನೋಡುತ್ತ ನೀಲಿ. ಬಣ್ಣ ಗಾಢವಾಗಬೇಕಾದರೆ ಹೆಚ್ಚು ಹೊತ್ತು ನೆನೆಸಿದರೆ ಸಾಲದು, ಮತ್ತೆ ಮತ್ತೆ ಅದ್ದಿ ಗಾಳಿಗೊಡ್ಡಬೇಕು. ಕಲಿಯುವವನಿಗೆ ಮೊದಲ ಪಾಠ ಈ ತಾಳ್ಮೆಯೇ.

ಈ ಬಣ್ಣಕ್ಕೆ ಕಣ್ಣೀರೂ ಅಂಟಿದೆ. ದೀನಬಂಧು ಮಿತ್ರರ ಬಂಗಾಳಿ ನಾಟಕ ‘ನೀಲದರ್ಪಣ’ (1860) ಮತ್ತು ಗಾಂಧೀಜಿಯವರ ಚಂಪಾರಣ್ಯ ಸತ್ಯಾಗ್ರಹ (1917) ಎರಡರ ಹಿಂದೆಯೂ ಬಲವಂತದ ನೀಲಿ ಬೇಸಾಯವಿತ್ತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಗಿಡದ ನೀಲಿ ಕುಸಿಯಿತು. ಆದರೂ ಅನೇಕ ಕೃತಕ ಬಣ್ಣಗಳ ಮೂಲದ್ರವ್ಯ ‘ಅನಿಲಿನ್’ನ ಹೆಸರು ಅರಬ್ಬಿ, ಪೋರ್ಚುಗೀಸ್ ಭಾಷೆಗಳನ್ನು ಹಾದುಬಂದ ನಮ್ಮ ‘ನೀಲ’ವೇ! ಕಸುಬು ಸೋತಿತು, ಪದ ಉಳಿಯಿತು. ಆದರೆ ಎಲ್ಲ ಪದಗಳಿಗೂ ಈ ಭಾಗ್ಯವಿಲ್ಲ. ಬಾನಿ ಒಡೆದ ಮನೆಯಲ್ಲಿ ಬಾನಿಯ ಸುತ್ತಲಿನ ಮಾತುಗಳೂ ಒಂದೇ ತಲೆಮಾರಿನಲ್ಲಿ ಮರೆಯಾಗುತ್ತವೆ.

ಹೊಸೂರಿನ ಬಳಿಯ ಅವಲಪಲ್ಲಿಯಂಥ ಊರುಗಳ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಬಾಳುತ್ತವೆ. ಪದಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕಿಲ್ಲ.

ಅಭ್ಯಾಸ:
1. ನೂಲು, ಬಣ್ಣ, ಬಟ್ಟೆಗೆ ಸಂಬಂಧಿಸಿದ ಹತ್ತು ಪದಗಳನ್ನು ಹಿರಿಯರಿಂದ ಮೂರೂ ಭಾಷೆಗಳಲ್ಲಿ ಕೇಳಿ ಬರೆಯಿರಿ.
2. ‘-ಗಾರ’ ಪ್ರತ್ಯಯದಿಂದಾದ ಐದು ಕಸುಬಿನ ಪದಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ಯಾವ ಕಸುಬು ನಿಮ್ಮೂರಿನಲ್ಲಿ ಉಳಿದಿದೆಯೆಂದು ಗುರುತಿಸಿರಿ.