ನಾಮಫಲಕದ ಸಾಮಗ್ರಿ: ನಕ್ಷೆಯ ಒಕ್ಕಣೆಯನ್ನು ಅರ್ಥೈಸುವ ಬಗೆ

‘ಸ್ಟೇನ್‌ಲೆಸ್ ಸ್ಟೀಲ್ ಅಕ್ಷರಗಳು, 16 ಗೇಜ್, ಹಿನ್ನೆಲೆಗೆ 4 ಮಿ.ಮೀ. ಎ.ಸಿ.ಪಿ. ಅಥವಾ ತತ್ಸಮಾನ’ – ಆರ್ಕಿಟೆಕ್ಟರ ನಕ್ಷೆಯಲ್ಲಿ ಇಂತಹ ಒಕ್ಕಣೆ ಸಾಮಾನ್ಯ. ಪೂರ್ಣವೆನಿಸುವ ಈ ಸಾಲಿನಲ್ಲಿ ನಾಲ್ಕು ಅಂಶಗಳು ಅಸ್ಪಷ್ಟವಾಗಿವೆ.

ಮೊದಲನೆಯದು ದರ್ಜೆ. 202, 304, 316 ಎಲ್ಲವೂ ಸ್ಟೇನ್‌ಲೆಸ್ ಸ್ಟೀಲೇ. ಆದರೆ ಕಾರವಾರ–ಅಂಕೋಲಾ ಕರಾವಳಿಯ ಉಪ್ಪುಗಾಳಿ ಲೋಹದಲ್ಲಿ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಹೊಂದಿರುವ 316 ಇದನ್ನು ಹೆಚ್ಚು ತಡೆಯಬಲ್ಲದು. ಅಯಸ್ಕಾಂತದಿಂದ ಈ ಭೇದ ತಿಳಿಯದು. ತಯಾರಕರ ಪರೀಕ್ಷಾ ಪ್ರಮಾಣಪತ್ರವನ್ನೇ ಕೇಳಬೇಕು.

ಎರಡನೆಯದು ಗೇಜ್. 16 ಗೇಜ್ ಬ್ರಿಟಿಷ್ ಕ್ರಮದಲ್ಲಿ 1.63 ಮಿ.ಮೀ., ಅಮೆರಿಕದ ಕ್ರಮದಲ್ಲಿ ಸುಮಾರು 1.59 ಮಿ.ಮೀ. ಆದುದರಿಂದ ದಪ್ಪವನ್ನು ಮಿ.ಮೀ.ಗಳಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮ.

ಮೂರನೆಯದು ಎ.ಸಿ.ಪಿ. 4 ಮಿ.ಮೀ. ಎಂಬುದು ಹಾಳೆಯ ಒಟ್ಟು ದಪ್ಪ. ಅದರ ಅಲ್ಯೂಮಿನಿಯಂ ಪದರ 0.25 ಇದ್ದೀತು, 0.50 ಇದ್ದೀತು. ಬೆಲೆಯ ಅಂತರ ಇರುವುದು ಅಲ್ಲಿಯೇ.

ನಾಲ್ಕನೆಯದು ‘ತತ್ಸಮಾನ’. ಸಮಾನವೆಂದು ಒಪ್ಪುವವರು ಯಾರೆಂಬುದು ಮೊದಲೇ ನಿಶ್ಚಯವಾಗಬೇಕು.

ಅಗ್ಗದ ದರ್ಜೆಯನ್ನು ಊಹಿಸಿ ದರ ನಮೂದಿಸಿದವನಿಗೆ ಕೆಲಸ ದೊರೆತೀತು. ಮಳೆಗಾಲ ಕಳೆದು ಫಲಕದ ಮೇಲೆ ತುಕ್ಕಿನ ಕಲೆ ಮೂಡಿದಾಗ ದೂರು ಬರುವುದೂ ಅವನಲ್ಲಿಗೇ. ಆದ್ದರಿಂದ ಲಿಖಿತ ಸ್ಪಷ್ಟನೆ ಪಡೆದು, ದರ್ಜೆ, ದಪ್ಪಗಳನ್ನು ದರಪಟ್ಟಿಯಲ್ಲಿಯೇ ನಮೂದಿಸತಕ್ಕದ್ದು.