ಮನೆ ಪಿಸಿಯ ಡೇಟಾ ಮುಟ್ಟದೆ ನ್ಯಾಸ್ ಪರೀಕ್ಷೆ ಮಾಡೋದು ಹೇಗೆ?

ಫೋನ್ ತುಂಬಿದಾಗ ನಾವೆಲ್ಲ ಮಾಡೋದು ಒಂದೇ ಕೆಲಸ: ಎಲ್ಲವನ್ನೂ ಮನೆಯ ಕಂಪ್ಯೂಟರ್‌ಗೆ ಹಾಕಿ ಮರೆತುಬಿಡೋದು. ಅಕ್ಕನ ಮದುವೆ ಫೋಟೋ, ಅಜ್ಜಿಯ ವಿಡಿಯೋ, ನಮ್ಮ ಪ್ರಾಜೆಕ್ಟ್ ರಿಪೋರ್ಟ್ ಎಲ್ಲವೂ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ. ಆ ಡಿಸ್ಕ್ ಕೆಟ್ಟರೆ ಎಲ್ಲಾ ಹೋಯ್ತು.

ಇದಕ್ಕೆ ಒಂದು ದಾರಿ ನ್ಯಾಸ್. ಮನೆಯ ನೆಟ್‌ವರ್ಕ್‌ನಲ್ಲಿರೋ ಫೋನ್, ಲ್ಯಾಪ್‌ಟಾಪ್ ಎಲ್ಲವೂ ಬಳಸಬಹುದಾದ ಸಾಮಾನ್ಯ ಉಗ್ರಾಣ ಅಂತ ತಿಳ್ಕೊಳ್ಳಿ. ಉಚಿತ ಸಾಫ್ಟ್‌ವೇರ್ ಹಾಕಿ ಹಳೇ ಪಿಸಿಯನ್ನೇ ನ್ಯಾಸ್ ಮಾಡಬಹುದು. ಆದರೆ ಇವು ಸಾಮಾನ್ಯ ಆ್ಯಪ್‌ಗಳಲ್ಲ, ಪೂರ್ತಿ ಆಪರೇಟಿಂಗ್ ಸಿಸ್ಟಮ್‌ಗಳು. ಇನ್‌ಸ್ಟಾಲ್ ಮಾಡುವಾಗ ನಾವು ಆರಿಸಿದ ಡಿಸ್ಕನ್ನು ಪೂರ್ತಿ ಅಳಿಸಿಬಿಡುತ್ತವೆ. ಅದಕ್ಕೇ ಮೊದಲ ಪರೀಕ್ಷೆ ವರ್ಚುವಲ್ ಮೆಷಿನ್ ಒಳಗೆ ನಡೀಬೇಕು.

ಯಾವುದನ್ನು ಆರಿಸೋದು?

ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ಮನೆ ಪಿಸಿಯಲ್ಲಿ ಇರೋದೇ 8 ಜಿಬಿ ಆದ್ರೆ ವರ್ಚುವಲ್ ಮೆಷಿನ್‌ಗೆ ಅಷ್ಟು ಕೊಡೋಕಾಗಲ್ಲ. ಡೆಬಿಯನ್ ಮೇಲೆ ಕಟ್ಟಿರೋ ಓಪನ್‌ಮೀಡಿಯಾವಾಲ್ಟ್ 2 ಜಿಬಿಯಲ್ಲೂ ಆರಾಮಾಗಿ ಓಡತ್ತೆ. ನಾವು ಇಲ್ಲಿ ಅದನ್ನೇ ತಗೊಳ್ಳೋಣ.

ಹಂತ 1: ಸಿದ್ಧತೆ

ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಮೆಷಿನ್ ಮಾಡಿ. ಸಿಸ್ಟಮ್‌ಗೆ 16 ಜಿಬಿ, ಡೇಟಾಗೆ 10 ಜಿಬಿಯ ಎರಡು, ಹೀಗೆ ಮೂರು ವರ್ಚುವಲ್ ಡಿಸ್ಕ್ ಕೊಡಿ. ನೆಟ್‌ವರ್ಕ್ ಮೊದಲಿಗೆ ನ್ಯಾಟ್ ಅಂತ ಇರತ್ತೆ. ಅದನ್ನು ಬ್ರಿಡ್ಜ್ಡ್‌ಗೆ ಬದಲಾಯಿಸಿ, ಇಲ್ಲಾಂದ್ರೆ ಮನೆಯ ಬೇರೆ ಸಾಧನಗಳಿಗೆ ನ್ಯಾಸ್ ಕಾಣಲ್ಲ. ಇನ್‌ಸ್ಟಾಲ್ ಆದ್ಮೇಲೆ ಅದರ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ, ಮೊದಲು ಪಾಸ್‌ವರ್ಡ್ ಬದಲಾಯಿಸಿ.

ಹಂತ 2: ಮಿರರ್

ಎರಡು ಡೇಟಾ ಡಿಸ್ಕ್ ಸೇರಿಸಿ ರೇಡ್ 1 ಮಾಡಿ. ಹೊಸ ಆವೃತ್ತಿಗಳಲ್ಲಿ ಇದಕ್ಕೆ ಒಂದು ಪ್ಲಗಿನ್ ಹಾಕ್ಕೋಬೇಕು. ಎರಡೂ ಡಿಸ್ಕ್‌ನಲ್ಲಿ ಒಂದೇ ಡೇಟಾ ಕೂರೋದ್ರಿಂದ ನಮಗೆ ಸಿಗೋ ಜಾಗ 20 ಅಲ್ಲ, ಸುಮಾರು 10 ಜಿಬಿ. ಫೈಲ್ ಸಿಸ್ಟಮ್ ಮಾಡಿ, ಫೋಲ್ಡರ್ ಹಂಚಿ, ಎಸ್‌ಎಂಬಿ ಆನ್ ಮಾಡಿ. ಈಗ ಕೆಲವು ಫೋಟೋಗಳ ಪ್ರತಿಯನ್ನು ಅಲ್ಲಿಗೆ ಕಾಪಿ ಮಾಡಿ. ಮೂಲ ಫೈಲ್‌ಗಳು ಅಲ್ಲೇ ಇರಲಿ.

ಹಂತ 3: ಬೇಕಂತಲೇ ಕೆಡಿಸಿ ನೋಡಿ

ಫೈಲ್ ಕಾಪಿ ಆಯ್ತು ಅಂದ್ರೆ ಪರೀಕ್ಷೆ ಮುಗೀತು ಅಂತಲ್ಲ, ಅಸಲಿ ಪರೀಕ್ಷೆ ಇಲ್ಲಿಂದ ಶುರು. ಮೆಷಿನ್ ಆಫ್ ಮಾಡಿ, ಒಂದು ಡೇಟಾ ಡಿಸ್ಕ್ ತೆಗೆದುಹಾಕಿ, ಮತ್ತೆ ಆನ್ ಮಾಡಿ. ರೇಡ್ ‘ಡಿಗ್ರೇಡೆಡ್’ ಅಂತ ತೋರಿಸಬೇಕು, ಫೋಟೋಗಳು ಮಾತ್ರ ತೆರೀಬೇಕು. ಕಣ್ಣಿಗೆ ಕಂಡಿದ್ದನ್ನೇ ನಂಬಬೇಡಿ. ಮೂಲ ಫೈಲ್ ಮತ್ತು ಪ್ರತಿ, ಎರಡರ ಶಾ-256 ಹ್ಯಾಶ್ ತೆಗೆದು ಹೋಲಿಸಿ. ಆಮೇಲೆ ಹೊಸ ಖಾಲಿ ಡಿಸ್ಕ್ ಸೇರಿಸಿ, ರಿಕವರ್ ಕೊಟ್ಟು ಮಿರರ್ ಮತ್ತೆ ಪೂರ್ತಿ ಆಗೋದನ್ನು ನೋಡಿ.

ಕೊನೆಗೆ ಒಂದು ಫೋಟೋ ಡಿಲೀಟ್ ಮಾಡಿ. ಅದು ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಹೋಗತ್ತೆ! ಮಿರರ್ ನಮ್ಮನ್ನು ಡಿಸ್ಕ್ ಕೆಡೋದರಿಂದ ಕಾಪಾಡತ್ತೆ, ನಮ್ಮ ಕೈತಪ್ಪಿನಿಂದಾಗಲಿ ವೈರಸ್‌ನಿಂದಾಗಲಿ ಅಲ್ಲ. ರೇಡ್ ಅಂದ್ರೆ ಬ್ಯಾಕಪ್ ಅಲ್ಲ. ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಈ ಪರೀಕ್ಷೆ ಹೇಳದ ವಿಷಯಗಳು

ವರ್ಚುವಲ್ ಡಿಸ್ಕ್‌ಗಳೆಲ್ಲ ನಿಜವಾಗಿ ಒಂದೇ ಹಾರ್ಡ್ ಡಿಸ್ಕ್ ಮೇಲಿರೋ ಫೈಲ್‌ಗಳು. ಹಾಗಾಗಿ ಇದು ಅಭ್ಯಾಸ ಮಾತ್ರ, ರಕ್ಷಣೆ ಅಲ್ಲ. ವೇಗವೂ ಸರಿಯಾಗಿ ಗೊತ್ತಾಗಲ್ಲ. ಅದಕ್ಕೆ ಲೆಕ್ಕ ಹಾಕೋಣ: 100 ಎಂಬಿಪಿಎಸ್ ಪೋರ್ಟ್ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಕಳಿಸತ್ತೆ. 200 ಜಿಬಿ ಫೋಟೋಗೆ ನಾಲ್ಕೂವರೆ ಗಂಟೆ ಹತ್ತಿರ. ಗಿಗಾಬಿಟ್ ಆದ್ರೆ ಅರ್ಧ ಗಂಟೆ ಆಸುಪಾಸು. ಕರೆಂಟ್ ಬಿಲ್ಲೂ ಇದೆ: ಪಿಸಿ 60 ವ್ಯಾಟ್ ಎಳೆದು ದಿನವಿಡೀ ಓಡಿದ್ರೆ 30 ದಿನಕ್ಕೆ ಸುಮಾರು 43 ಯೂನಿಟ್. ಇದನ್ನು ಮನೇಲಿ ಮೊದಲೇ ಹೇಳಿಬಿಡೋದು ಒಳ್ಳೇದು.

ಇಷ್ಟೆಲ್ಲ ಆದ್ಮೇಲೂ ಬೇಕು ಅನ್ನಿಸಿದ್ರೆ ನಿಜವಾದ ಹಾರ್ಡ್‌ವೇರ್‌ಗೆ ಹೋಗಿ. ಅವತ್ತು ಪಿಸಿ ಆಫ್ ಮಾಡಿ, ಮನೆಯ ಡೇಟಾ ಇರೋ ಡಿಸ್ಕ್‌ನ ಕೇಬಲ್ ಬಿಚ್ಚಿಟ್ಟು, ಬೇರೆ ಡಿಸ್ಕ್ ಮೇಲೆ ಇನ್‌ಸ್ಟಾಲ್ ಮಾಡಿ. ಕೇಬಲ್ಲೇ ಇಲ್ಲದ ಡಿಸ್ಕನ್ನು ಯಾವ ಇನ್‌ಸ್ಟಾಲರ್ರೂ ಅಳಿಸಲಾರದು.